ಹರಿಯಬೇಕಾದ ಕಾಸನ್ನು ಕಟ್ಟಿಹಾಕಿದವರು

ಸಾಸ್ತಾನದ ಟೋಲ್‌ಗೇಟಿನಲ್ಲಿ ಈಗ ಚಿಲ್ಲರೆ ಎಣಿಸುವ ಸದ್ದು ಕೇಳುವುದು ಅಪರೂಪ. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಗಾಜಿನ ಮೇಲಿನ ಚೀಟಿಯನ್ನು ಯಂತ್ರ ನೋಡುತ್ತದೆ, ಎಲ್ಲೋ ಒಂದು ಖಾತೆಯಿಂದ ದುಡ್ಡು ಹೋಗುತ್ತದೆ, ಅಡ್ಡಗೋಲು ಮೇಲೇಳುತ್ತದೆ. ಅದೇ ಗಾಜಿನ ಹಿಂದೆ, ಕನ್ನಡಿಯ ಕೆಳಗೆ, ಕೆಂಪು ದಾರದಲ್ಲಿ ಕಟ್ಟಿದ ಮೂರು ಹಿತ್ತಾಳೆ ನಾಣ್ಯಗಳು ಓಲಾಡುತ್ತಿರುತ್ತವೆ. ದುಂಡು ನಾಣ್ಯ, ನಡುವೆ ಚೌಕ ತೂತು, ಸುತ್ತ ನಾಲ್ಕು ಚೀನೀ ಅಕ್ಷರ. ಟೋಲು ಕಟ್ಟುವುದಕ್ಕೆ ನಾಣ್ಯ ಬೇಡ; ಭಾಗ್ಯ ಬರುವುದಕ್ಕೆ ಮಾತ್ರ ಬೇಕು.

ನನ್ನ ಜಗಳ ಈ ಮೂರು ನಾಣ್ಯಗಳ ಜೊತೆ. ಕಾರಿನಲ್ಲಷ್ಟೇ ಅಲ್ಲ, ಅಂಗಡಿಗಳ ಗಲ್ಲಾಪೆಟ್ಟಿಗೆಯಲ್ಲಿ, ಮನೆಬಾಗಿಲ ಒಳಮಗ್ಗುಲಲ್ಲಿ, ಪರ್ಸಿನೊಳಗೆ, ಕೊನೆಗೆ ಮಕ್ಕಳ ಪರೀಕ್ಷೆಯ ಕಂಪಾಸ್ ಪೆಟ್ಟಿಗೆಯಲ್ಲೂ ಇವು ಸಿಗುತ್ತವೆ. ವಿಷಯ ಎತ್ತಿದರೆ ಸಿಗುವ ಉತ್ತರ ಒಂದೇ: "ನಂಬಿಕೆ ಮಾರ್ರೆ, ಬಿಡಿ, ನಿಮಗೆಂತ ನಷ್ಟ?" ನಷ್ಟ ಇದೆ. ಅದೂ ಬಾರಕೂರಿಗೆ ಸೈಕಲ್ ದೂರದಲ್ಲಿರುವ ಈ ಊರಿನಲ್ಲಿ ಬೇರೆ ಕಡೆಗಿಂತ ಸ್ವಲ್ಪ ಹೆಚ್ಚೇ ಇದೆ. ಅದಕ್ಕೆ ಮುಂಚೆ, ದಯವಿಟ್ಟು ಆ ನಾಣ್ಯವನ್ನು ಕೈಗೆತ್ತಿಕೊಂಡು ಓದಿ. ಕಟ್ಟಿದವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಅದನ್ನು ಒಮ್ಮೆಯೂ ಓದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಇದಕ್ಕೆ ಚೀನೀ ಭಾಷೆ ಕಲಿಯಬೇಕಿಲ್ಲ; ನಾಲ್ಕು ಅಕ್ಷರ ಗುರುತು ಹಿಡಿದರೆ ಸಾಕು.

ಓದುವ ಕ್ರಮ ಹೀಗೆ: ಮೇಲೆ, ಕೆಳಗೆ, ಆಮೇಲೆ ಬಲ, ಕೊನೆಗೆ ಎಡ. ಪೇಟೆಯಲ್ಲಿ ಸಿಗುವ ನಕಲಿಗಳಲ್ಲಿ ಸಾಮಾನ್ಯವಾಗಿ ಕಾಣುವುದು 'ಚಿಯೆನ್‌ಲುಂಗ್ ತುಂಗ್‌ಪಾವ್'. ಚಿಯೆನ್‌ಲುಂಗ್ ಎಂಬುದು 1735ರಲ್ಲಿ ಪಟ್ಟಕ್ಕೆ ಬಂದು ಅರವತ್ತು ವರ್ಷ ಆಳಿದ ಚಿಂಗ್ ವಂಶದ ಚಕ್ರವರ್ತಿಯ ಯುಗನಾಮ. ಉಳಿದ ಎರಡು ಅಕ್ಷರ, ತುಂಗ್ ಮತ್ತು ಪಾವ್. ತುಂಗ್ ಎಂದರೆ ಹಾಯುವುದು, ಎಲ್ಲೆಡೆ ಸಲ್ಲುವುದು. ಪಾವ್ ಎಂದರೆ ನಿಧಿ, ಬೆಲೆಬಾಳುವ ವಸ್ತು. ಕೂಡಿಸಿದರೆ 'ಚಲಾವಣೆಯ ನಿಧಿ'. ಕ್ರಿ.ಶ. 621ರಲ್ಲಿ ತಾಂಗ್ ವಂಶದ ಮೊದಲ ದೊರೆ 'ಕಾಯ್‌ಯುವಾನ್ ತುಂಗ್‌ಪಾವ್' ಎಂಬ ನಾಣ್ಯ ಹೊರಡಿಸಿದಂದಿನಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ, ಸುಮಾರು 1300 ವರ್ಷ, ಚೀನೀ ಕಾಸಿನ ಮೇಲೆ ಮತ್ತೆ ಮತ್ತೆ ಬಂದ ಮಾತು ಇದು. ಸರ್ಕಾರ ತನ್ನ ಪ್ರಜೆಗೆ ಹೇಳುತ್ತಿದ್ದದ್ದು ಇಷ್ಟೇ: ಇದು ಓಡಾಡಲಿ. ಬೆಲೆಯೆಲ್ಲ ಓಡಾಟದಲ್ಲಿತ್ತು. ಅಂಥದ್ದನ್ನು ದಾರ ಬಿಗಿದು ಮೊಳೆಗೆ ನೇತುಹಾಕಿ ನಾವು ಅದರಿಂದ ಐಶ್ವರ್ಯ ನಿರೀಕ್ಷಿಸುತ್ತಿದ್ದೇವೆ.

ಇನ್ನು ಹಿಂಬದಿ. ನಾಣ್ಯದ ಜೊತೆ ಬರುವ ಚೀಟಿಯಲ್ಲಿ "ನಾಲ್ಕು ಅಕ್ಷರದ ಬದಿ ಯಾಂಗ್, ಅದು ಮೇಲಿರಬೇಕು, ಎರಡು ಗುರುತಿನ ಬದಿ ಯಿನ್, ಅದು ಕೆಳಗಿರಬೇಕು" ಎಂಬ ಅರ್ಥದ ಮಾತು ಇರುತ್ತದೆ. ಆ ಎರಡು ಗುರುತು ಮಂಚು ಲಿಪಿಯ ಎರಡು ಪದ. ಚಿಂಗ್ ದೊರೆಗಳು ಮಂಚುಗಳು. ಮುಂಬದಿಗೆ ಚೀನೀ, ಹಿಂಬದಿಗೆ ತಮ್ಮ ಲಿಪಿ ಹಾಕಿಸಿದರು. ಅಲ್ಲಿ ಬರೆದಿರುವುದು ಟಂಕಸಾಲೆಯ ಹೆಸರು. ನಮ್ಮ ಒಂದು ರೂಪಾಯಿ ನಾಣ್ಯದಲ್ಲಿ ಇಸವಿಯ ಕೆಳಗೆ ಚಿಕ್ಕ ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೊಯಿಡಾ. ಇದೂ ಅದೇ ಜಾತಿಯ ಗುರುತು. ಹೈದರಾಬಾದ್ ಟಂಕಸಾಲೆಯ ನಕ್ಷತ್ರ ನೋಡಿ ನಾಣ್ಯದ ಹೆಣ್ಣುಶಕ್ತಿ ಎಂದು ಯಾರಾದರೂ ಹೇಳಿದರೆ ನಗುತ್ತೀರಿ. ಚೀನೀ ಆದ ಕೂಡಲೇ ನಗು ನಿಂತುಹೋಗುತ್ತದೆ, ಯಾಕೆ? ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, ಪೀಕಿಂಗಿನ ಕಂದಾಯ ಇಲಾಖೆಯ ಟಂಕಸಾಲೆಯ ಹೆಸರಿನ ಅರ್ಥ 'ನಿಧಿಯ ಚಿಲುಮೆ'. ನೀರಿನ ಬುಗ್ಗೆ ಎಂಬ ಪದವನ್ನು ಹಣಕ್ಕೂ ಬಳಸುವುದು ಚೀನಾದ ಹಳೆಯ ರೂಢಿ, ಎರಡೂ ಹರಿಯುತ್ತವೆ ಎಂದು. ಅಂದರೆ ನಾಣ್ಯದ ಎರಡೂ ಮಗ್ಗುಲು ಹೇಳುವುದು ಒಂದೇ ಮಾತು.

ತೂತಿನ ಬಗ್ಗೆ ಬರೋಣ. ಇದರಲ್ಲಿ ವಾಸ್ತುಪಂಡಿತರಿಗಿಂತ ನಮ್ಮ ಸಾಹಿತಿಗಳೇ ಹೆಚ್ಚು ಅಪರಾಧಿಗಳು. ತೂತು ಕಂಡರೆ ಶೂನ್ಯ, ಶೂನ್ಯ ಕಂಡರೆ ಅಲ್ಲಮ, ಅಲ್ಲಮನಿಂದ ನೇರ ತಾವೋಗೆ. ಎರಡು ಪ್ಯಾರಾದಲ್ಲಿ ಬಳ್ಳಿಗಾವಿಯಿಂದ ಪೀಕಿಂಗಿಗೆ ಹೋಗಿ ಬರುವ ಪ್ರಬಂಧಗಳನ್ನು ನಾವೆಲ್ಲ ಓದಿದ್ದೇವೆ. ಚೌಕ ತೂತಿಗೆ ಕಾರಣ ಕಮ್ಮಟದ ನೆಲದಲ್ಲಿದೆ. ಚೀನೀ ಕಾಸನ್ನು ಅಚ್ಚೊತ್ತುತ್ತಿರಲಿಲ್ಲ, ಎರಕ ಹೊಯ್ಯುತ್ತಿದ್ದರು. ಅಚ್ಚಿನ ಕಾಲುವೆಗಳಲ್ಲಿ ಲೋಹ ಹರಿದು ಗಟ್ಟಿಯಾದಾಗ ಕೊಂಬೆಯ ತುಂಬ ಕಾಯಿ ಬಿಟ್ಟ ಮರದಂತೆ ಒಂದು ಆಕೃತಿ ಸಿಗುತ್ತಿತ್ತು. ಅದರಿಂದ ಮುರಿದುಕೊಂಡ ಪ್ರತಿ ಕಾಸಿಗೂ ಅಂಚಿನಲ್ಲಿ ಮುರಿದ ಗುರುತು. ಅದನ್ನು ಒಂದೊಂದಾಗಿ ಅರದಿಂದ ಉಜ್ಜಲು ಸಾಧ್ಯವಿಲ್ಲ. ಚೌಕ ಸರಳಿಗೆ ನೂರಾರು ಕಾಸು ಪೋಣಿಸಿ ಒಟ್ಟಿಗೆ ಉಜ್ಜುತ್ತಿದ್ದರು. ತೂತು ದುಂಡಗಿದ್ದರೆ ಉಜ್ಜುವಾಗ ಕಾಸು ಗಿರಗಿರ ತಿರುಗುತ್ತಿತ್ತು. ಚೌಕವಾದ್ದರಿಂದ ಅಲುಗದೆ ನಿಂತಿತು. ಕಮ್ಮಟದಿಂದ ಹೊರಬಿದ್ದ ಮೇಲೆ ಅದೇ ತೂತಿಗೆ ದಾರ ಬಂತು. ಒಂದು ಸರಕ್ಕೆ ಸಾವಿರ ಕಾಸು ಎಂಬುದು ಲೆಕ್ಕ. ಸುಂಗ್ ಕಾಲದಲ್ಲಿ ಸರ್ಕಾರವೇ 77 ಕಾಸನ್ನು ನೂರೆಂದು ಎಣಿಸುತ್ತಿತ್ತು, ಹಾಗಾಗಿ ಸಾವಿರದ ಸರದಲ್ಲಿ ಇರುತ್ತಿದ್ದದ್ದು 770. ಇಂಥ ಸರಗಳು 1080ರ ಸುಮಾರಿಗೆ ವರ್ಷಕ್ಕೆ 50 ಲಕ್ಷದಷ್ಟು ಹೊರಬರುತ್ತಿದ್ದವು. ಕೂಲಿಗೆ, ಸೊಪ್ಪಿಗೆ, ಸಾರಾಯಿಗೆ, ಸುಂಕಕ್ಕೆ ಹೋದ ತಾಮ್ರ ಅದು. ನಮ್ಮಲ್ಲೂ ಮಹಾಯುದ್ಧದ ಲೋಹದ ಬರದಲ್ಲಿ, 1943ರಿಂದ 1947ರವರೆಗೆ, ನಡುವೆ ತೂತಿದ್ದ ಒಂದು ಪೈಸೆ ಬಂದಿತ್ತು. ನಮ್ಮ ಕಡೆಯ ಹಿರಿಯರು ಈಗಲೂ ಒಟ್ಟೆ ಮುಕ್ಕಾಲು ಎಂದು ನೆನೆಯುವ ನಾಣ್ಯ. ಅದರ ತೂತಿನಲ್ಲಿ ಯಾರೂ ಬ್ರಹ್ಮಾಂಡ ಕಾಣಲಿಲ್ಲ. ತಾಮ್ರ ಉಳಿಸಿದ್ದು ಎಂದು ಎಲ್ಲರಿಗೂ ಗೊತ್ತಿತ್ತು.

ಹಾಗಾದರೆ ದುಂಡು ಆಕಾಶ, ಚೌಕ ಭೂಮಿ ಎಂಬ ಮಾತು ಸುಳ್ಳೇ? ಸುಳ್ಳಲ್ಲ. ಆಕಾಶ ದುಂಡು, ನೆಲ ಚೌಕ ಎಂಬ ಕಲ್ಪನೆ ಚೀನಾದಲ್ಲಿ ಬಹಳ ಹಳೆಯದು, ಅದನ್ನು ನಾಣ್ಯದ ಆಕಾರಕ್ಕೆ ಹೊಂದಿಸಿ ಹೇಳಿದವರು ಅಲ್ಲಿಯವರೇ. ಆದರೆ ಹೇಳಿದವರು ಯಾವ ದನಿಯಲ್ಲಿ ಹೇಳಿದರು ಎಂಬುದನ್ನೂ ಕೇಳಬೇಕಲ್ಲ. ಮೂರನೆಯ ಶತಮಾನದ ಕೊನೆಯಲ್ಲಿ ಲು ಪಾವ್ ಎಂಬಾತ ಹಣವೆಂಬ ದೇವರನ್ನು ಕುರಿತು ಒಂದು ಪ್ರಬಂಧ ಬರೆದ. ಕಾಸಿನ ಮೈಯಲ್ಲಿ ಆಕಾಶವೂ ಇದೆ ಭೂಮಿಯೂ ಇದೆ ಎಂಬ ವರ್ಣನೆ ಅದರಲ್ಲಿ ಬರುತ್ತದೆ. ಇಡೀ ಬರಹ ವಿಡಂಬನೆ! ಲಂಚಕ್ಕೆ ಬಾಗಿದ ಆಸ್ಥಾನವನ್ನು, ದುಡ್ಡಿಗೆ ಅಡ್ಡಬೀಳುವ ಗಣ್ಯರನ್ನು ಗೇಲಿ ಮಾಡಲು ಆತ ಕಾಸನ್ನು ದೇವರ ಪೀಠಕ್ಕೇರಿಸಿದ. ಅದೇ ಬರಹದಿಂದ ಕಾಸಿಗೆ 'ಚೌಕತೂತಿನ ಅಣ್ಣ' ಎಂಬ ಅಡ್ಡಹೆಸರು ಚೀನಾದಲ್ಲಿ ನಿಂತಿತು. ನಾವು ದುಡ್ಡೇ ದೊಡ್ಡಪ್ಪ ಎಂದೆವು, ಅವರು ಅಣ್ಣ ಎಂದರು. ನಂಟಸ್ತಿಕೆಯಲ್ಲಿ ಒಂದು ತಲೆಮಾರಿನ ವ್ಯತ್ಯಾಸ ಅಷ್ಟೆ. ಲು ಪಾವ್ ನಗುತ್ತಾ ಹೇಳಿದ್ದನ್ನು ನಾವು ಹದಿನೇಳು ಶತಮಾನದ ನಂತರ ಬ್ಲಿಸ್ಟರ್ ಪ್ಯಾಕಿನಲ್ಲಿ ಇಟ್ಟು ಭಕ್ತಿಯಿಂದ ಮಾರುತ್ತಿದ್ದೇವೆ.

ದುಬಾರಿ ಪೊಟ್ಟಣವೊಂದಿದೆ, 'ಐವರು ಚಕ್ರವರ್ತಿಗಳ ನಾಣ್ಯ'. ಶುನ್‌ಚಿ, ಕಾಂಗ್‌ಶಿ, ಯುಂಗ್‌ಚೆಂಗ್, ಚಿಯೆನ್‌ಲುಂಗ್, ಚಿಯಾಚಿಂಗ್ ಈ ಐವರ ಕಾಲ ಸಮೃದ್ಧಿಯ ಕಾಲ, ಆ ಸಮೃದ್ಧಿ ನಾಣ್ಯದ ಮೂಲಕ ನಿಮ್ಮ ಮನೆಗೆ ಬರುತ್ತದೆ ಎಂಬುದು ವಾದ. ಶುನ್‌ಚಿಯ ಹೆಸರಿನಲ್ಲಿ ಚೀನಾವನ್ನು ಗೆಲ್ಲುತ್ತಿದ್ದ ಮಂಚು ಸೈನ್ಯ 1645ರಲ್ಲಿ ಯಾಂಗ್‌ಚೌ ನಗರದಲ್ಲಿ ಜನರನ್ನು ದಿನಗಟ್ಟಲೆ ಕೊಂದಿತು. ಚಿಯಾಚಿಂಗ್ ಪಟ್ಟಕ್ಕೆ ಬಂದ 1796ರಲ್ಲೇ ಬಿಳಿಕಮಲ ಪಂಥದ ಬಡರೈತರ ದಂಗೆ ಹೊತ್ತಿಕೊಂಡಿತು, ಅದನ್ನು ಆರಿಸಲು 1804ರವರೆಗೆ ಬೊಕ್ಕಸ ಬರಿದಾಯಿತು. ಇದೂ ಸಮೃದ್ಧಿಯ ನಾಣ್ಯವೇ. ಮಧ್ಯದ ಮೂವರ ಕಾಲ ಏಳಿಗೆಯದ್ದು, ಒಪ್ಪುತ್ತೇನೆ. ಆದರೆ ಆ ಏಳಿಗೆಯ ತಾಮ್ರ ಎಲ್ಲಿಂದ ಬಂತು? ಮೊದಲು ಜಪಾನಿನಿಂದ ಹಡಗಿನಲ್ಲಿ, ಆಮೇಲೆ ನೈರುತ್ಯದ ಯುನ್ನಾನ್ ಬೆಟ್ಟಗಳ ಗಣಿಗಳಿಂದ. ಅಲ್ಲಿಂದ ಪೀಕಿಂಗಿಗೆ ಕತ್ತೆ, ಎತ್ತು, ದೋಣಿ, ಹೆಗಲುಗಳ ಮೇಲೆ ತಾಮ್ರ ತಲುಪಲು ವರ್ಷದ ಹತ್ತಿರ ಹಿಡಿಯುತ್ತಿತ್ತು. ಒಂದು ಕಾಸಿನಲ್ಲಿ ಸಂಕೇತ ಹುಡುಕಲೇಬೇಕೆಂದರೆ ನಾನು ಆ ಹೆಗಲನ್ನು ಹುಡುಕುತ್ತೇನೆ.

ಇಲ್ಲಿ ನನ್ನ ಸ್ನೇಹಿತರು ಒಂದು ಗಟ್ಟಿ ಆಕ್ಷೇಪ ಎತ್ತುತ್ತಾರೆ. ಚೀನೀಯರೇ ನಾಣ್ಯವನ್ನು ತಾಯಿತವಾಗಿ ಬಳಸಿದ್ದಾರಲ್ಲ, ನಿನ್ನದು ಇತಿಹಾಸದ ಹೆಸರಿನ ಮಡಿವಂತಿಕೆ ಎಂದು. ಬಳಸಿದ್ದಾರೆ, ಹಾನ್ ಕಾಲದಿಂದಲೂ. ಅದಕ್ಕೆಂದೇ ಬೇರೆ ವಸ್ತುಗಳಿದ್ದವು: ಕಾಸಿನ ಆಕಾರದ, ಆದರೆ ಪೇಟೆಯಲ್ಲಿ ಸಲ್ಲದ ರಕ್ಷೆಗಳು. ಅವುಗಳ ಮೇಲೆ ಆಯುಷ್ಯದ ಹಾರೈಕೆ, ಹನ್ನೆರಡು ಪ್ರಾಣಿಗಳು, ನಕ್ಷತ್ರಗಳು. ಓದಬಲ್ಲವರು ಓದಿ ಕಟ್ಟಿಕೊಳ್ಳುತ್ತಿದ್ದರು. ಅಸಲಿ ಕಾಸು ರಕ್ಷೆಯಾದದ್ದೂ ಇದೆ, ಅದರಲ್ಲಿ ಒಂದರ ಕಥೆ ಯಾವ ಕಾದಂಬರಿಗೂ ಕಡಿಮೆಯಿಲ್ಲ. 955ರಲ್ಲಿ ಉತ್ತರ ಚೀನಾವನ್ನು ಆಳುತ್ತಿದ್ದ ಶಿತ್ಸುಂಗ್ ಎಂಬ ದೊರೆಗೆ ತಾಮ್ರ ಸಾಲದೆ ಬಂತು. ಸಾವಿರಾರು ಬೌದ್ಧ ವಿಹಾರಗಳನ್ನು ಮುಚ್ಚಿಸಿ ಬುದ್ಧನ ಕಂಚಿನ ವಿಗ್ರಹಗಳನ್ನು ಕರಗಿಸಿ 'ಚೌಯುವಾನ್ ತುಂಗ್‌ಪಾವ್' ಎಂಬ ಕಾಸು ಹೊಯ್ಯಿಸಿದ. ಮುಂದಿನ ತಲೆಮಾರುಗಳ ಜನ ಆ ಕಾಸನ್ನೇ ಹುಡುಕಿ ರೋಗಕ್ಕೆ ಮದ್ದಾಗಿ, ಹೆರಿಗೆಗೆ ರಕ್ಷೆಯಾಗಿ ಇಟ್ಟುಕೊಂಡರು. ಬುದ್ಧ ಅದರೊಳಗಿದ್ದಾನೆ ಎಂಬ ನಂಬಿಕೆಯಿಂದ. ಇದನ್ನು ನಾನು ಗೌರವಿಸುತ್ತೇನೆ. ಅಲ್ಲಿ ನಂಬಿಕೆಯ ಹಿಂದೆ ಒಂದು ನೆನಪಿದೆ, ಒಂದು ಗಾಯವಿದೆ. ನಮ್ಮ ಮೂರು ಹಿತ್ತಾಳೆ ಬಿಲ್ಲೆಗಳ ಹಿಂದೆ ಇರುವುದು ಎಂ.ಆರ್.ಪಿ. ಮಾತ್ರ.

ಹಾಗೆಂದು ಇದು 'ಚೀನೀ ಮಾಲು ಬಹಿಷ್ಕರಿಸಿ' ಎಂಬ ಕೂಗಿನ ಕನ್ನಡ ಅನುವಾದ ಅಲ್ಲ. 2020ರ ಜೂನ್‌ನಲ್ಲಿ 59 ಚೀನೀ ಆ್ಯಪ್‌ಗಳನ್ನು ಸರ್ಕಾರ ನಿಷೇಧಿಸಿದಾಗ ಫೋನಿನಿಂದ ಟಿಕ್‌ಟಾಕ್ ಹೋಯಿತು, ಬಾಗಿಲ ಮೇಲಿನ ನಾಣ್ಯ ಇದ್ದಲ್ಲೇ ಇತ್ತು, ಆ ತಮಾಷೆ ಹಾಗಿರಲಿ. ನಾಣ್ಯವನ್ನು ಓದದೆ ಪೂಜಿಸುವ ವಿದ್ಯೆಯಲ್ಲಿ ನಾವು ಯಾರಿಗೂ ಕಡಿಮೆ ಇಲ್ಲ. 'ಅಕ್ಕಿ ಎಳೆಯುವ ನಾಣ್ಯ'ದ ಹೆಸರಿನಲ್ಲಿ ಕರ್ನಾಟಕದ ಎಷ್ಟೋ ಜನ ಲಕ್ಷಗಟ್ಟಲೆ ಕಳೆದುಕೊಂಡಿದ್ದಾರೆ. ಆ ಮೋಸದಲ್ಲಿ ಓಡಾಡುವ ಬಿಲ್ಲೆಗಳ ಮೇಲೆ ರಾಮ, ಸೀತೆ, ಹನುಮಂತ. ಕೆಳಗೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1616 ಅಥವಾ 1818 ಎಂಬ ಇಸವಿ. ಕಂಪನಿ ಅಂಥ ನಾಣ್ಯವನ್ನು ಎಂದೂ ಹೊರಡಿಸಿಲ್ಲ. 1616ರಲ್ಲಿ ಅದು ಸೂರತ್‌ನಲ್ಲಿ ಗೋದಾಮು ಇಟ್ಟುಕೊಂಡಿದ್ದ ಒಂದು ವ್ಯಾಪಾರಿ ಸಂಸ್ಥೆ. ಬಿಲ್ಲೆಯ ಮೇಲಿನ ಇಸವಿಯನ್ನು ಒಂದು ಕ್ಷಣ ಓದಿದ್ದರೆ ಎಷ್ಟು ಮನೆ ಉಳಿಯುತ್ತಿತ್ತು! ಇನ್ನೊಂದು ಕಡೆ ಇದೇ ಉಡುಪಿಯಲ್ಲಿ 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಕೂಡಿಸುವ ಪಿಗ್ಮಿ ಠೇವಣಿ ಶುರು ಮಾಡಿತು. ಮೀನು ಮಾರುವವರ, ನೇಯುವವರ ಎರಡಾಣೆ. ಈ ಜಿಲ್ಲೆಗೆ ಭಾಗ್ಯ ಬಂದದ್ದು ಹೀಗೆ ಓಡಾಡಿದ ಕಾಸಿನಿಂದ.

ಈಗ ಬಾರಕೂರಿಗೆ ಹೋಗೋಣ, ಯಾಕೆಂದರೆ ನಷ್ಟದ ಲೆಕ್ಕ ಇರುವುದು ಅಲ್ಲಿ. ಆಳುಪರ ರಾಜಧಾನಿ, ಆಮೇಲೆ ವಿಜಯನಗರದ ಬಾರಕೂರು ರಾಜ್ಯದ ಕೇಂದ್ರ. ಆಳುಪರ ಚಿನ್ನದ ನಾಣ್ಯಗಳ ಮೇಲೆ ಎರಡು ಮೀನು, ಜೊತೆಗೆ ಪಾಂಡ್ಯ ಧನಂಜಯ ಎಂಬ ಬಿರುದು. ವಿಜಯನಗರದ ಕಾಲದ ಕರಾವಳಿ ಶಾಸನಗಳಲ್ಲಿ 'ಬಾರಕೂರ ಗದ್ಯಾಣ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಊರಿನ ಹೆಸರೇ ನಾಣ್ಯದ ಹೆಸರಾಗುವುದು ಸಣ್ಣ ಸಂಗತಿಯಲ್ಲ; ಇಲ್ಲಿಯ ತೂಕವನ್ನು ಹೊರಗಿನವರು ನಂಬುತ್ತಿದ್ದರು ಎಂದು ಅರ್ಥ. ಗದ್ಯಾಣ, ಹಣ, ಹಾಗ, ಬೇಳೆ, ವೀಸ ಎಂದು ಇಳಿಯುತ್ತಾ ಹೋಗುವ ಈ ಪದಗಳ ಹಿಂದೆ ಬಿದ್ದೇ ನನ್ನ ಸಂಶೋಧನೆಯ ನಾಲ್ಕು ವರ್ಷ ಹೋಗಿದೆ, ಇನ್ನೂ ಮುಗಿದಿಲ್ಲ. ದೆಹಲಿಯ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟಿದ್ದ ಇಬ್ನ್ ಬತೂತ 1342ರ ಸುಮಾರಿಗೆ ಈ ದಾರಿಯಲ್ಲೇ ಬಸರೂರು, ಬಾರಕೂರುಗಳನ್ನು ದಾಟಿದ. ಬಾರಕೂರನ್ನು ಅವನು ಫಾಕನೂರ್ ಎನ್ನುತ್ತಾನೆ. ಇಲ್ಲಿಯ ಕಬ್ಬನ್ನು ಹೊಗಳಿದ್ದಾನೆ. ಇಲ್ಲಿ ಹಾದುಹೋಗುವ ಪ್ರತಿ ಹಡಗೂ ಲಂಗರು ಹಾಕಿ ಬಂದರಿನ ಕಾಣಿಕೆ ಕೊಡಬೇಕು, ಕೊಡದೆ ಹೋದರೆ ಬೆನ್ನಟ್ಟಿ ಹಿಡಿಯುತ್ತಾರೆ ಎಂದೂ ಬರೆದಿದ್ದಾನೆ. ಸಾಸ್ತಾನದ ಆಸುಪಾಸಿನಲ್ಲಿ ಟೋಲು ಹೊಸತಲ್ಲ!

ಇದೇ ಇಬ್ನ್ ಬತೂತ ಚೀನೀ ಹಡಗುಗಳ ಬಗ್ಗೆಯೂ ಬರೆದಿದ್ದಾನೆ: ಅವು ಬರುವುದು ಹಿಲಿ, ಕಲ್ಲಿಕೋಟೆ, ಕೊಲ್ಲಂ ಬಂದರುಗಳಿಗೆ ಎಂದು. ಹಿಲಿ ಎಂದರೆ ಕಣ್ಣೂರಿನ ಉತ್ತರಕ್ಕಿರುವ ಏಳಿಮಲೆ. ಚೀನೀ ಹಡಗುಗಳು ಬಾರಕೂರಿಗೆ ಸಾಲುಸಾಲಾಗಿ ಬರುತ್ತಿದ್ದವು ಎಂದು ಭಾಷಣ ಮಾಡುವವರು ಈ ಸಾಲನ್ನು ಹಾರಿಸಿಬಿಡುತ್ತಾರೆ. ನನಗೆ ಅದು ತೀರಾ ಮುಖ್ಯ. ದೊಡ್ಡ ಹಡಗು ಏಳಿಮಲೆಯಲ್ಲಿ ನಿಂತರೆ ಅಲ್ಲಿಂದ ಇಲ್ಲಿಗೆ ಸರಕು ತಂದವರು ನಮ್ಮ ಸಣ್ಣ ದೋಣಿಯವರು. ಚೀನೀ ಕಾಸು ಇಲ್ಲಿಗೆ ಬಂದಿದ್ದರೆ ಅವರ ಸೊಂಟದ ಚೀಲದಲ್ಲಿ ಬಂದಿರಬೇಕು. ಮಾತು ಮಾತ್ರ ಇಲ್ಲಿಂದ ಅಲ್ಲಿಗೆ ಹೋಗಿರುವುದು ಖಚಿತ. ಚೀನೀ ನಾಣ್ಯಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ 'ಕ್ಯಾಶ್' ಎನ್ನುತ್ತಾರಲ್ಲ, ಆ ಪದ ಪೋರ್ಚುಗೀಸರ ಬಾಯಿಂದ ಬಂದದ್ದು; ಪೋರ್ಚುಗೀಸರು ಅದನ್ನು ಕಲಿತದ್ದು ದಕ್ಷಿಣ ಭಾರತದ ಬಂದರುಗಳ 'ಕಾಸು' ಎಂಬ ಮಾತಿನಿಂದ. ಫೆಂಗ್‌ಶುಯಿ ಅಂಗಡಿಯಲ್ಲಿ ನೂರಿನ್ನೂರು ಕೊಟ್ಟು ತರುವ ಆ ವಿದೇಶಿ ಮಹಿಮೆಯ ವಸ್ತುವನ್ನು ಜಗತ್ತು ಕರೆಯುತ್ತಿರುವುದು ನಮ್ಮ ಅಜ್ಜಿಯಂದಿರು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದ ಹೆಸರಿನಿಂದ.

ಹಾಗಾದರೆ ಚೀನೀ ಕಾಸು ನಿಜವಾಗಿ ಕರ್ನಾಟಕಕ್ಕೆ ಬಂದಿತ್ತೇ ಎಂದು ವಿದ್ಯಾರ್ಥಿಗಳನ್ನು ಕೇಳಿ. ತಟ್ಟನೆ ಉತ್ತರ ಬರುತ್ತದೆ: "ಚಂದ್ರವಳ್ಳಿ, ಹಾನ್ ವಂಶದ ವು-ತಿಯ ನಾಣ್ಯ." ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿ, ಪ್ರವಾಸಿ ಕೈಪಿಡಿಗಳಲ್ಲಿ, ಅಂತರ್ಜಾಲದಲ್ಲಿ ಈ ವಾಕ್ಯ ಅಕ್ಷರ ಬದಲಾಗದೆ ಓಡಾಡುತ್ತಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ ಅವರು 1909ರಲ್ಲಿ ಅಗೆಸಿದಾಗ ಸಿಕ್ಕಿದ್ದು ಅದು. ಅಂದು ಮೈಸೂರಿನಲ್ಲಿ ಕುಳಿತು ಚೀನೀ ಕಾಸನ್ನು ಗುರುತಿಸಿದ್ದೇ ದೊಡ್ಡ ಕೆಲಸ. ನನ್ನ ತಕರಾರು ಆಮೇಲೆ ನೂರು ವರ್ಷ ಆ ವಾಕ್ಯವನ್ನು ನಕಲು ಹೊಡೆದವರ ಮೇಲೆ. ವು-ತಿ ಆಳಿದ್ದು ಕ್ರಿ.ಪೂ. 141ರಿಂದ 87ರವರೆಗೆ. ಹಾನ್ ಕಾಸಿನ ಮೇಲೆ ಚಕ್ರವರ್ತಿಯ ಹೆಸರು ಇರುತ್ತಿರಲಿಲ್ಲ. ಅವನು ಕ್ರಿ.ಪೂ. 118ರಲ್ಲಿ ತಂದ ಪ್ರಸಿದ್ಧ ಕಾಸಿನ ಮೇಲಿದ್ದದ್ದು 'ವು ಚು' ಎಂಬ ಎರಡೇ ಅಕ್ಷರ, ಅರ್ಥ 'ಐದು ಚು', ಬರೀ ತೂಕದ ಹೆಸರು. ಅದೇ ಎರಡಕ್ಷರದ ಕಾಸನ್ನು ಆಮೇಲಿನ ವಂಶಗಳೂ ಹೊಯ್ಯಿಸಿದವು, 621ರಲ್ಲಿ ಹೊಸ ನಾಣ್ಯ ಬರುವವರೆಗೆ, ಏಳು ಶತಮಾನಕ್ಕೂ ಮೀರಿ. ಯುಗನಾಮವನ್ನು ಕಾಸಿನ ಮೇಲೆ ಹಾಕುವ ಪದ್ಧತಿ ಬಂದದ್ದು ವು-ತಿಯ ನಂತರ ಶತಮಾನಗಳು ಕಳೆದ ಮೇಲೆ. ಹಾಗಾಗಿ 'ವು-ತಿಯ ನಾಣ್ಯ' ಎನ್ನುವುದು ಓದಿದ್ದಲ್ಲ, ಊಹಿಸಿದ್ದು. ಅಂಚಿನ ದಪ್ಪ, ಅಕ್ಷರದ ಗೆರೆ, ಲೋಹ, ಸಿಕ್ಕಿದ ಮಣ್ಣಿನ ಪದರ ಇವನ್ನು ನೋಡಿ ಕಾಲ ಹೇಳಬೇಕು. ಅದೂ ಹೊಯ್ದ ಕಾಲ. ಬಂದ ಕಾಲ ಇನ್ನೂ ಬೇರೆ. ಚೀನೀ ಕಾಸು ಹುಟ್ಟಿದ ಮೇಲೆ ನೂರಾರು ವರ್ಷ ಸಲ್ಲುತ್ತಿತ್ತು. ಒಂದು ಕಾಸಿನಿಂದ 'ಕ್ರಿಸ್ತಪೂರ್ವದಲ್ಲೇ ಚಿತ್ರದುರ್ಗಕ್ಕೆ ಚೀನಾದ ವ್ಯಾಪಾರ' ಎಂದು ಬರೆಯುವವರಿಗೂ ಮೂರು ಕಾಸು ಕಟ್ಟಿ ಲಕ್ಷ್ಮಿಯನ್ನು ಕಾಯುವವರಿಗೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಇಬ್ಬರಿಗೂ ನಾಣ್ಯ ಬೇಕಾಗಿಲ್ಲ, ಅದರ ಪ್ರಭಾವಳಿ ಬೇಕು.

ತಮಿಳುನಾಡಿನ ತಂಜಾವೂರು ಸೀಮೆಯ ತಾಳಿಕ್ಕೋಟ್ಟೈಯಲ್ಲಿ (ನಮ್ಮ ತಾಳಿಕೋಟೆ ಅಲ್ಲ) ಸಾವಿರಕ್ಕೂ ಹೆಚ್ಚು ಚೀನೀ ಕಾಸುಗಳ ಕುಡಿಕೆ ಸಿಕ್ಕಿತು. 2014ರಲ್ಲಿ ಕೊಲ್ಲಂ ಬಂದರಿನಲ್ಲಿ ಹೂಳೆತ್ತುವಾಗ ಚೀನೀ ಕಾಸು, ಪಿಂಗಾಣಿ ಚೂರುಗಳು ಮೇಲೆ ಬಂದವು. ಕೀನ್ಯಾದ ಮಾಂಡಾ ದ್ವೀಪದಲ್ಲಿ 2013ರಲ್ಲಿ ಸಿಕ್ಕ ಒಂದೇ ಒಂದು 'ಯುಂಗ್‌ಲೆ ತುಂಗ್‌ಪಾವ್', ಚೆಂಗ್ ಹೋನ ಹಡಗುಗಳು ಹಿಂದೂ ಮಹಾಸಾಗರದಲ್ಲಿ ಓಡಾಡಿದ ಕಾಲದ್ದು, ಜಗತ್ತಿನ ಸುದ್ದಿಯಾಯಿತು. ಇವೆಲ್ಲದರ ಬೆಲೆ ತಾಮ್ರದಲ್ಲಿ ಇಲ್ಲ. ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಜೊತೆಗೆ ಏನಿತ್ತು ಎಂಬುದರಲ್ಲಿದೆ. ಆ ವಿವರ ಕಳೆದ ನಾಣ್ಯ ವಿಳಾಸ ಹರಿದ ಕಾಗದದಂತೆ.

ಎರಡು ವರ್ಷದ ಹಿಂದೆ ಬಾರಕೂರು ಕಡೆಯ ಪರಿಚಯದ ಹಿರಿಯರೊಬ್ಬರು ಕರವಸ್ತ್ರದಲ್ಲಿ ಒಂದು ತೂತಿನ ಕಾಸು ಸುತ್ತಿಕೊಂಡು ಬಂದರು. ಅಡಿಕೆ ಗುಂಡಿ ತೆಗೆಯುವಾಗ ಸಿಕ್ಕಿದ್ದು. "ಇದ್ ಎಷ್ಟ್ ವರ್ಷದ್ ಮಾರ್ರೆ?" ಮಣ್ಣು ಹಿಡಿದು ಕಪ್ಪಾಗಿತ್ತು. ನನ್ನ ಕೈ ನಡುಗಿದ್ದು ಸುಳ್ಳಲ್ಲ. ತೊಳೆದು ನೋಡಿದರೆ ಚಿಯೆನ್‌ಲುಂಗ್, ಅಕ್ಷರಗಳ ಅಂಚೆಲ್ಲ ಕರಗಿದ ಮೇಣದಂತೆ ಮೊಂಡು, ತೂತಿನ ಒಳಗೋಡೆಗೆ ಅರದ ಗುರುತೇ ಇಲ್ಲ, ಹಿಂಬದಿಯ ಮಂಚು ಪದ ಅಕ್ಷರವೇ ಅಲ್ಲದ ಗೀಚು. ಅಯಸ್ಕಾಂತ ಹಿಡಿದರೆ ಟಕ್ಕನೆ ಅಂಟಿತು. ಒಳಗೆ ಕಬ್ಬಿಣ, ಹೊರಗೆ ಹಿತ್ತಾಳೆಯ ಲೇಪ. ಯಾರದೋ ಕಾರಿನಿಂದಲೋ ಕೀಗೊಂಚಲಿನಿಂದಲೋ ಬಿದ್ದು ಗೊಬ್ಬರದ ಜೊತೆ ಗದ್ದೆ ಸೇರಿದ್ದು. "ಹಂಗಾರ್ ಇದ್ ಎಂತದೂ ಅಲ್ದಾ?" ಎಂದರು ಅವರು.

ನಷ್ಟ ಎಂದು ನಾನು ಹೇಳಿದ್ದು ಇದನ್ನೇ. ಈ ನಕಲಿಗೆ ಕಬ್ಬಿಣವಿತ್ತು, ಅಯಸ್ಕಾಂತಕ್ಕೆ ಸಿಕ್ಕಿಬಿತ್ತು. ಅಪ್ಪಟ ಹಿತ್ತಾಳೆಯ, ಸ್ವಲ್ಪ ಚೆನ್ನಾಗಿ ಹೊಯ್ದ ನಕಲಿಗಳೂ ರಾಶಿಗಟ್ಟಲೆ ಬರುತ್ತಿವೆ. ದಾರ ಹರಿದಾಗ, ಮನೆ ಕೆಡವಿದಾಗ, ಕಸ ಸುರಿದಾಗ ಅವು ಬೀಳುವುದು ಸೀತಾನದಿಯ ದಂಡೆಗೆ, ಬಾರಕೂರಿನ ಗದ್ದೆಗೆ, ಬಸರೂರಿನ ಕೋಟೆಯ ಮಗ್ಗುಲಿಗೆ, ಅಂದರೆ ಅಸಲಿ ಕಾಸು ಸಿಗಬಹುದಾದ ಕೆಲವೇ ಜಾಗಗಳಿಗೆ. ಇನ್ನು ನಲವತ್ತು ಮಳೆಗಾಲ ಕಳೆಯಲಿ, ಅವುಗಳ ಮೇಲೂ ಹಸಿರು ಕಿಲುಬು ಹಿಡಿಯುತ್ತದೆ. ಆಗ ಒಬ್ಬ ಉತ್ಸಾಹಿ ಬಾರಕೂರಿನಲ್ಲಿ ಚಿಂಗ್ ವಂಶದ ವ್ಯಾಪಾರ ನೆಲೆ ಇತ್ತು ಎಂದು ಪುಸ್ತಕ ಬರೆಯುತ್ತಾನೆ. ಅದಕ್ಕಿಂತ ಕೆಟ್ಟದ್ದು, ನಿಜವಾದ ಒಂದು ಸುಂಗ್ ಕಾಸು ಸಿಕ್ಕಾಗ "ಓ, ಅದು ಫೆಂಗ್‌ಶುಯಿಯದ್ದು" ಎಂದು ರೈತ ತೋಡಿಗೆ ಎಸೆಯುತ್ತಾನೆ. ಪ್ರತಿ ವಾಹನದಲ್ಲೂ ತೂಗುತ್ತಿರುವುದನ್ನು ಅಪರೂಪದ್ದು ಎಂದು ಯಾರು ತಾನೇ ಎತ್ತಿಡುತ್ತಾರೆ? ಏಳಿಮಲೆಯಿಂದ ಬಾರಕೂರಿಗೆ ದೋಣಿ ನಡೆಸಿದವರ ಬಗ್ಗೆ ಯಾವ ಶಾಸನವೂ ಹಾಡಿ ಹೊಗಳುವುದಿಲ್ಲ. ಅವರ ಸಾಕ್ಷಿ ಉಳಿದಿದ್ದರೆ ಇಂಥ ಒಂದೆರಡು ತಾಮ್ರದ ಚೂರಿನಲ್ಲಿ ಉಳಿದಿರಬೇಕು. ಅದನ್ನು ನಾವು ಪ್ಯಾಕೆಟ್ಟಿನ ಭಾಗ್ಯಕ್ಕಾಗಿ ಅಳಿಸುತ್ತಿದ್ದೇವೆ.

ನಾಣ್ಯ ನೋಡುವ ಆಸೆ ಇದ್ದವರು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆಗೆ ಹೋಗಿ. 1906ರಲ್ಲಿ ಅವರು ಕಟ್ಟಿದ ಕಾರ್ಪೊರೇಶನ್ ಬ್ಯಾಂಕ್ ಈಗ ಇನ್ನೊಂದು ಬ್ಯಾಂಕಿನಲ್ಲಿ ಕರಗಿದೆ, ಅವರ ಮನೆಯಲ್ಲಿ ಬ್ಯಾಂಕು ಮಾಡಿದ ನಾಣ್ಯ ಸಂಗ್ರಹಾಲಯವಿದೆ. ಮನೆಯ ಹಳೆಯ ಪೆಟ್ಟಿಗೆಯಲ್ಲೋ, ತೋಟದ ಮಣ್ಣಿನಲ್ಲೋ ಚೌಕ ತೂತಿನ ಕಾಸು ಸಿಕ್ಕಿದವರು ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಬೇಡಿ. ಆ ಕಿಲುಬಿನಲ್ಲೇ ಅದರ ವಯಸ್ಸಿದೆ. ಅಕ್ಕಸಾಲಿಗರ ಅಂಗಡಿಗೆ ಒಯ್ಯಬೇಡಿ. ನೆಲದಲ್ಲಿ ಸಿಕ್ಕ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯನ್ನು ಕಲೆಕ್ಟರಿಗೆ ತಿಳಿಸಬೇಕು ಎಂದು 1878ರ ಕಾನೂನೇ ಹೇಳಿದೆ, ಹೆದರುವಂಥದ್ದೇನಿಲ್ಲ. ಎರಡೂ ಬದಿಯ ಫೋಟೋ ತೆಗೆಯಿರಿ. ಸಿಕ್ಕ ದಿನ, ಎಷ್ಟು ಮೊಳ ಆಳ, ಜೊತೆಗೆ ಓಡುಚೂರು ಇತ್ತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆಯಿರಿ. ಗದ್ದೆಗೆ ಹೆಸರಿದ್ದರೆ, ಬಾಕಿಮಾರೋ ಕಂಬಳಗದ್ದೆಯೋ ಮತ್ತೊಂದೋ, ಅದನ್ನೂ ಬರೆಯಿರಿ.